ದೊಡ್ಡಪ್ಪನ ಮನೆಯ ಟ್ರಿಪ್ಪರ್

ತೀರ್ಥಹಳ್ಳಿ ಹತ್ತಿರದ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ ಈ ಬೇಸಿಗೆಯವರೆಗೂ ಒಂದು ಮರದ ಹಲಗೆ ಇತ್ತು. ಅದರ ಮೇಲೆ ಕಬ್ಬಿಣದ ಮೇನ್ ಸ್ವಿಚ್, ಪಕ್ಕದಲ್ಲಿ ಪಿಂಗಾಣಿಯ ನಾಲ್ಕು ಫ್ಯೂಸು. ಕರೆಂಟು ಸೋರಿದರೆ ತಾನೇ ಕಡಿಯುವ ಟ್ರಿಪ್ಪರ್ ಇರುವ ಹೊಸ ಪೆಟ್ಟಿಗೆ ಕೂರಿಸಲು, ಲೈನ್‌ಮನ್ ಕಂಬದ ಫ್ಯೂಸ್ ತೆಗೆದುಕೊಟ್ಟ ಮೇಲೆ ಹಲಗೆ ಬಿಚ್ಚಿದೆವು. ಹಿಂದೆ ಜೇಡರ ಬಲೆ, ಒಣಗಿ ಕಡ್ಡಿಯಾದ ಒಂದು ಹಲ್ಲಿ. ಮೂರನೇ ಫ್ಯೂಸಿನಲ್ಲಿ ಫ್ಯೂಸ್ ತಂತಿಯೇ ಇರಲಿಲ್ಲ, ಹಳೇ ವೈರಿನ ಐದಾರು ಎಳೆ ಹೊಸೆದು ಸುತ್ತಿದ್ದರು.

"ಪದೇ ಪದೇ ಸುಟ್ಟು ಹೋಗ್ತಿತ್ತು ಮಾರಾಯ. ಇದು ಹಾಕಿದ ಮೇಲೆ ಒಂದ್ಸಲವೂ ಹೋಗಿಲ್ಲ" ಎಂದರು ದೊಡ್ಡಪ್ಪ, ಹೆಮ್ಮೆಯಿಂದಲೇ.

ಹೋಗುವುದೇ ಅದರ ಕೆಲಸ ಅಲ್ವಾ! ಕರೆಂಟು ಜಾಸ್ತಿ ಹರಿದಾಗ ಎಲ್ಲಕ್ಕಿಂತ ಮೊದಲು ಕರಗಲಿ ಅಂತಲೇ ಫ್ಯೂಸ್ ತಂತಿಯನ್ನು ಅಷ್ಟು ತೆಳ್ಳಗೆ ಮಾಡಿರುತ್ತಾರೆ. ಅಲ್ಲಿ ದಪ್ಪ ತಂತಿ ಸುತ್ತಿದರೆ ಬಿಸಿಯಾಗುವ ಸರದಿ ಮನೆಯ ವೈರಿನದು. ಈ ಮನೆಯಲ್ಲಿ ಆ ವೈರು ಓಡಿದ್ದು ಮರದ ಪಟ್ಟಿಯ ಮೇಲೆ, ಅಟ್ಟದಲ್ಲಿ, ಒಣಗಿದ ಅಡಿಕೆ ಮೂಟೆಗಳ ಪಕ್ಕದಲ್ಲೇ. ಜೋಗದಲ್ಲಿ 1948ರಲ್ಲೇ ಕರೆಂಟು ಹುಟ್ಟಿದರೂ ಮಲೆನಾಡಿನ ಎಷ್ಟೋ ಹಳ್ಳಿಗಳು ಆಮೇಲೆ ವರ್ಷಗಟ್ಟಲೆ ಲಾಟೀನಿನಲ್ಲೇ ಇದ್ದವು. ಕೊನೆಗೆ ಬಂದಾಗ ವೈರು ಎಳೆಸಿದ್ದು ನಾಲ್ಕು ಬಲ್ಬು, ಒಂದು ರೇಡಿಯೋ ಲೆಕ್ಕಕ್ಕೆ. ಈಗ ಅದೇ ವೈರಿಗೆ ಫ್ರಿಜ್ಜು, ಗ್ರೈಂಡರು, ಇಸ್ತ್ರಿ ಪೆಟ್ಟಿಗೆ.

ಹಲಗೆಯ ಜಾಗಕ್ಕೆ ಮನೆಯ ಲೈನುಗಳಿಗೆ ಕರೆಂಟು ಹಂಚುವ ಡಿಬಿ ಪೆಟ್ಟಿಗೆ ಬಂತು, ಒಳಗೆ ಸಾಲಾಗಿ ಎಂಸಿಬಿಗಳು, ಅಂದರೆ ಕರೆಂಟು ಮಿತಿ ಮೀರಿದರೆ ತಾವೇ ಬೀಳುವ ಸ್ವಿಚ್ಚುಗಳು. ಒಂದೊಂದು ಎಂಸಿಬಿಯಲ್ಲೂ ಇಬ್ಬರು ಕಾವಲುಗಾರರು. ಒಬ್ಬ ನಿಧಾನಿ: ಎರಡು ಲೋಹ ಅಂಟಿಸಿದ ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಕೊಂಡಿ ತಪ್ಪುತ್ತದೆ. 16 ಆಂಪಿನದರಲ್ಲಿ 24 ಹರಿದರೆ ಸ್ವಲ್ಪ ಹೊತ್ತು ತಡೆದು ಬೀಳುವುದು ಇದರಿಂದ. ಇನ್ನೊಬ್ಬ ಮುಂಗೋಪಿ: ತಂತಿಯ ಸುರುಳಿ. ಶಾರ್ಟ್ ಆದ ಕೂಡಲೇ ಅಯಸ್ಕಾಂತವಾಗಿ ಕೊಂಡಿಯನ್ನು ಹೊಡೆದು ಬೀಳಿಸುತ್ತದೆ. ಅಡಿಕೆ ಸುಲಿಯುವ ಮಷಿನ್ನಿನಂಥ ಮೋಟರು ಶುರುವಾಗುವಾಗ ಕ್ಷಣಹೊತ್ತು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಹಾಗಾಗಿ ಅದಕ್ಕೆ ಆ ಕ್ಷಣದ ಏರಿಕೆ ತಾಳಿಕೊಳ್ಳುವ ಸಿ ಮಾದರಿಯದು, ದೀಪಗಳಿಗೆ ಅದಕ್ಕಿಂತ ಬೇಗ ಬೀಳುವ ಬಿ ಮಾದರಿಯದು.

ಆದರೆ ಎಂಸಿಬಿ ಆಗಲಿ ಫ್ಯೂಸ್ ಆಗಲಿ ಕಾಯುವುದು ವೈರನ್ನು. ಒದ್ದೆ ಕೈಯಲ್ಲಿ ಫೇಸ್, ಅಂದರೆ ಕರೆಂಟು ಬರುವ ತಂತಿ, ಮುಟ್ಟಿದರೆ ಮೈಯಲ್ಲಿ ಹರಿಯುವುದು ಸುಮಾರು ಆಂಪಿನ ಕಾಲು ಭಾಗ, ಹಳೇ 60 ವ್ಯಾಟ್ ಬಲ್ಬಿನಷ್ಟು. ಎದೆ ಬಡಿತ ನಿಲ್ಲಿಸಲು ಅಷ್ಟು ಧಾರಾಳ ಸಾಕು. 16 ಆಂಪಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ಇದೆಯಲ್ಲ, ಅನ್ನಬಹುದು. ಇದೆ, ಆದರೆ ನಮ್ಮದು ಜಂಬಿಟ್ಟಿಗೆ ನೆಲ. ಇದ್ದಿಲು, ಉಪ್ಪು ತುಂಬಿದ ಗುಂಡಿಯೂ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅದರ ತಡೆ 40 ಓಮ್ ಅಂತಿಟ್ಟುಕೊಳ್ಳಿ. ಗ್ರೈಂಡರಿನ ಮೈಗೆ ಫೇಸ್ ತಗುಲಿತು. 230 ವೋಲ್ಟನ್ನು 40ರಿಂದ ಭಾಗಿಸಿದರೆ ಆರು ಆಂಪೂ ಆಗಲಿಲ್ಲ. ಎಂಸಿಬಿ ಸುಮ್ನೆ ನೋಡುತ್ತಾ ಕೂರುತ್ತದೆ, ಗ್ರೈಂಡರು ಷಾಕ್ ಹೊಡೆಯುತ್ತಲೇ ಇರುತ್ತದೆ.

ಆದ್ದರಿಂದಲೇ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಬೇಕೇಬೇಕು ಅಂತ ನಾನು ಹಠ ಹಿಡಿದದ್ದು. ಹಳ್ಳಿಯಲ್ಲಿ ಅದಕ್ಕೆ ಟ್ರಿಪ್ಪರ್ ಅನ್ನುತ್ತಾರೆ. ಒಳಗೆ ಬಳೆಯಂಥ ಒಂದು ಉಂಗುರ, ಅದರ ಮೂಲಕ ಫೇಸ್ ಹಾಗೂ ಕರೆಂಟು ವಾಪಸು ಹೋಗುವ ತಂತಿ ನ್ಯೂಟ್ರಲ್ ಎರಡೂ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ವಾಪಸು ಬಂದರೆ ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಹಾಕುತ್ತದೆ, ಉಂಗುರಕ್ಕೆ ಗೊತ್ತೇ ಆಗುವುದಿಲ್ಲ. ದಾರಿಯಲ್ಲಿ 30 ಮಿಲಿಆಂಪ್ ಸೋರಿ ನೆಲಕ್ಕೆ ಇಳಿದರೂ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ.

ಹೊಸ ಪೆಟ್ಟಿಗೆ ಕೂರಿಸಿದ ದಿನವೇ ಅಟ್ಟದ ಬಲ್ಬು ಹಾಕಿದರೆ ಇಡೀ ಮನೆ ಕತ್ತಲೆ. ಒಂಬತ್ತು ವ್ಯಾಟಿನ ಎಲ್‌ಇಡಿ! ಹುಡುಕಿದರೆ, ಅದರ ಫೇಸ್ ಹೊಸ ಪೆಟ್ಟಿಗೆಯಿಂದ ಹೋಗಿದೆ, ನ್ಯೂಟ್ರಲ್ ಮಾತ್ರ ಟ್ರಿಪ್ಪರನ್ನು ಹಾಯದೆ ನೇರ ಮೇನಿಗೇ ಸೇರಿದೆ. ಆ ಪುಟಾಣಿ ಬಲ್ಬು ಎಳೆಯುವುದು 40 ಮಿಲಿಆಂಪ್ ಆಸುಪಾಸು. ಹೋದದ್ದು ಉಂಗುರದೊಳಗೆ ವಾಪಸು ಬರಲಿಲ್ಲ, ಟ್ರಿಪ್ಪರ್ ಸೋರಿಕೆ ಅಂದುಕೊಂಡಿತು. ತಂತಿ ಬದಲಿಸಿದ ಮೇಲೆ ಸರಿಹೋಯಿತು.

ಜುಲೈನಲ್ಲಿ ಮಳೆ ಹಿಡಿಯಿತು. ಆಗುಂಬೆ ಕಡೆಯ ಮಳೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಟ್ರಿಪ್ಪರ್ ದಿನಕ್ಕೆ ಮೂರು ಸಲ ಬೀಳತೊಡಗಿತು. "ಹಳೇದೇ ಚೆನ್ನಾಗಿತ್ತು, ಇದನ್ನ ಬಿಟ್ಟು ನೇರ ಕೊಟ್ಟುಬಿಡೋಣ" ಎಂದು ಊರಿನ ಯಾರೋ ಸಲಹೆಯನ್ನೂ ಕೊಟ್ಟರು. ಮಲೆನಾಡಿನಲ್ಲಿ ಎಷ್ಟೋ ಟ್ರಿಪ್ಪರುಗಳು ಹೀಗೆಯೇ ಪೆಟ್ಟಿಗೆಯಲ್ಲಿ ಶೋಕಿಗೆ ಉಳಿದಿವೆ. ನನಗೆ ಅದು ಜ್ವರ ಬಂತೆಂದು ಥರ್ಮಾಮೀಟರ್ ಒಡೆದಂತೆ ಕಾಣುತ್ತದೆ. ಹಳೇ ರಬ್ಬರ್ ಹೊದಿಕೆ ಬಿರುಕು ಬಿಟ್ಟಿರುತ್ತದೆ. ತೇವದಲ್ಲಿ ಇಲ್ಲಿ ಐದು ಮಿಲಿಆಂಪ್, ಅಲ್ಲಿ ಎಂಟು, ಹೀಗೆ ಸೇರಿ ಸೇರಿ ಮಿತಿ ಮುಟ್ಟುತ್ತದೆ. ಹೊಸ ಪೆಟ್ಟಿಗೆ ಬಂದ ಮೇಲೆ ಸೋರಲು ಶುರುವಾದದ್ದಲ್ಲ. ವರ್ಷಗಳಿಂದ ಸೋರುತ್ತಲೇ ಇತ್ತು, ಹೇಳುವವರು ಇರಲಿಲ್ಲ.

ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದೆವು, ಗೊತ್ತಾಗಲಿಲ್ಲ. ಅವು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಗೋಡೆಯ ತೇವಕ್ಕೆ ತಗುಲಿದ್ದರೂ ಟ್ರಿಪ್ಪರ್ ಬೀಳುತ್ತದೆ. ಎಲೆಕ್ಟ್ರಿಷಿಯನ್ ಹುಡುಗ ಮೇನ್ ಆಫ್ ಮಾಡಿ ನ್ಯೂಟ್ರಲ್‌ಗಳನ್ನೂ ಬಿಚ್ಚಿ, ಒಂದೊಂದೇ ಸೇರಿಸುತ್ತಾ ಬಂದ. ಕೊಟ್ಟಿಗೆಯ ಲೈನು ಸಿಕ್ಕಿಬಿತ್ತು. ಹೆಂಚಿನ ಸಂದಿಯ ನೀರು ಇಳಿದು, ಸ್ವಿಚ್ಚಿನ ಹಿಂದಿನ ಮರದ ಗಟ್ಟಿ ಸ್ಪಂಜಿನ ಹಾಗೆ ನೆನೆದಿತ್ತು. ಬೆರಳಲ್ಲಿ ಒತ್ತಿದರೆ ನೀರು ಜಿನುಗಿತು. ದಿನಾ ಎರಡು ಹೊತ್ತು ದೊಡ್ಡಮ್ಮ ಕೈ ಇಡುತ್ತಿದ್ದ ಸ್ವಿಚ್ಚು ಅದು.

ಆ ಲೈನು ಈಗ ಬಿಚ್ಚೇ ಇದೆ. ಮಳೆ ನಿಂತು ಗೋಡೆ ಒಣಗಲಿ, ದೀಪಾವಳಿ ಹೊತ್ತಿಗೆ ಹೊಸ ವೈರು ಎಳೆಯೋಣ ಅಂತಿದ್ದಾರೆ. ಅಲ್ಲಿಯವರೆಗೆ ದೊಡ್ಡಮ್ಮ ಹಾಲು ಕರೆಯುವುದು ಬ್ಯಾಟರಿ ಬೆಳಕಿನಲ್ಲಿ.