ಜನ ಜಾಸ್ತಿ ಇದ್ದರೂ ಆಸ್ಟರ್ಲಿಟ್ಜ್‌ನಲ್ಲಿ ಸೋತದ್ದು ಯಾಕೆ?

ಪ್ರಶ್ನೆ: ಆಸ್ಟರ್ಲಿಟ್ಜ್ ಕದನದಲ್ಲಿ ನೆಪೋಲಿಯನ್‌ಗಿಂತ ರಷ್ಯಾ–ಆಸ್ಟ್ರಿಯಾ ಕಡೆ ಸೈನಿಕರು ಜಾಸ್ತಿ ಇದ್ದರಂತೆ. ಮತ್ತೆ ಸೋತಿದ್ದು ಹೇಗೆ? ಎರಡೂ ಕಡೆ ಸೈನ್ಯವನ್ನು ಹೇಗೆ ವಿಂಗಡಿಸಿದ್ದರು?

ಉತ್ತರ: ಜಾಸ್ತಿ ಇದ್ದದ್ದು ನಿಜ. 1805ರ ಡಿಸೆಂಬರ್ 2ರಂದು, ಇವತ್ತಿನ ಚೆಕ್ ದೇಶದ ಬ್ರನೋ ನಗರದ ಹತ್ತಿರ ಈ ಕದನ ನಡೆಯಿತು. ಫ್ರೆಂಚರು ಸುಮಾರು 73,000, ಎದುರಾಳಿಗಳು ಸುಮಾರು 85,000. ನೆಪೋಲಿಯನ್ ಮಹಾ ಚಾಣಾಕ್ಷ, ಅದಕ್ಕೇ ಗೆದ್ದ ಎಂದು ಎಷ್ಟೋ ಜನ ಹೇಳಿ ಮುಗಿಸುತ್ತಾರೆ. ನನಗೆ ಆ ಉತ್ತರ ಸಾಲದು. ಅವನು ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿ ತೋರಿಸುವ ಹಾಗೆ ಅವನ ಸೈನ್ಯವನ್ನು ಕಟ್ಟಿದ್ದರಲ್ಲ, ನೋಡಬೇಕಾದ್ದು ಅದನ್ನು.

ಕೆಳಗಿನ ಹಂತದಲ್ಲಿ ಎರಡೂ ಕಡೆ ಅಂಥ ವ್ಯತ್ಯಾಸ ಇರಲಿಲ್ಲ. ಕಂಪನಿಗಳು ಸೇರಿ ಬೆಟಾಲಿಯನ್, ಬೆಟಾಲಿಯನ್‌ಗಳು ಸೇರಿ ರೆಜಿಮೆಂಟ್. ಕೈಯಲ್ಲಿ ಕೋವಿ, ಅದರ ತುದಿಗೆ ಬಯೊನೆಟ್. ವ್ಯತ್ಯಾಸ ಇದ್ದದ್ದು ಮೇಲಿನ ಹಂತದಲ್ಲಿ.

ನೆಪೋಲಿಯನ್ ತನ್ನ ಸೈನ್ಯವನ್ನು ಕೋರ್‌ಗಳಾಗಿ ವಿಂಗಡಿಸಿದ್ದ. ನಮ್ಮ ಸೇನೆಯ ಸುದ್ದಿಗಳಲ್ಲೂ ಕೋರ್, ಡಿವಿಷನ್, ಬ್ರಿಗೇಡ್ ಅನ್ನುವ ಮಾತು ಕೇಳಿರುತ್ತೀರಿ, ಅಲ್ವಾ? ಅದೇ. ಒಂದು ಕೋರ್ ಅಂದರೆ ಒಂದು ಪುಟ್ಟ ಸೈನ್ಯ. ಅದರಲ್ಲೇ ಕಾಲಾಳು ಡಿವಿಷನ್‌ಗಳು, ಅದರದ್ದೇ ಕುದುರೆ ದಳ, ಅದರದ್ದೇ ಫಿರಂಗಿ, ಲೆಕ್ಕಪತ್ರ ಮತ್ತು ಆಜ್ಞೆಗಳನ್ನು ನೋಡಿಕೊಳ್ಳುವ ಅಧಿಕಾರಿಗಳು. ಎಲ್ಲದರ ಮೇಲೆ ಒಬ್ಬನೇ ಮುಖ್ಯಸ್ಥ. ದಾರಿಯಲ್ಲಿ ಶತ್ರು ಸಿಕ್ಕರೆ, ಉಳಿದವರು ಬರುವ ತನಕ ಅದು ಒಂಟಿಯಾಗಿ ತಡೆದು ನಿಲ್ಲಬಲ್ಲದು. ಹಾಗಾಗಿ ಸೈನ್ಯ ಬೇರೆ ಬೇರೆ ದಾರಿಯಲ್ಲಿ ಹರಡಿಕೊಂಡು ನಡೆದು, ಕದನದ ಹೊತ್ತಿಗೆ ಒಂದೆಡೆ ಸೇರಬಹುದಿತ್ತು. ದಾವೂ ಎಂಬ ಫ್ರೆಂಚ್ ಸೇನಾನಿಯ 3ನೇ ಕೋರ್ ಮಾಡಿದ್ದು ಇದನ್ನೇ. ಅದರ ಒಂದು ಡಿವಿಷನ್ ವಿಯೆನ್ನಾ ಕಡೆಯಿಂದ ಎರಡೇ ದಿನದಲ್ಲಿ 100 ಕಿ.ಮೀ.ಗೂ ಜಾಸ್ತಿ ನಡೆದು ಬಂದು, ಮರುಬೆಳಗ್ಗೆಯೇ ಕಾದಾಟಕ್ಕೆ ನಿಂತಿತು.

ಇನ್ನೊಂದು ಮಾತು. ಈ ಸೈನ್ಯದ ದೊಡ್ಡ ಭಾಗ 1803ರಿಂದ ಇಂಗ್ಲಿಷ್ ಕಾಲುವೆಯ ದಂಡೆಯ ಬೂಲೋನ್ ಸುತ್ತಮುತ್ತ ಒಟ್ಟಿಗೇ ತಾಲೀಮು ಮಾಡಿತ್ತು. ಪಕ್ಕದ ರೆಜಿಮೆಂಟ್ ಯಾವುದು, ತಮ್ಮ ಜನರಲ್ ಯಾರು ಎಂದು ಸೈನಿಕರಿಗೆ ಗೊತ್ತಿತ್ತು.

ಎದುರು ಕಡೆ? ರಷ್ಯನ್ನರಿಗೆ ಆಗ ಕಾಯಂ ಡಿವಿಷನ್‌ಗಳೇ ಇರಲಿಲ್ಲ. ಈ ಕದನಕ್ಕೆಂದು ರೆಜಿಮೆಂಟ್‌ಗಳನ್ನು ಕಾಲಂಗಳಾಗಿ ಜೋಡಿಸಿದರು. ಕಾಲಂ ಅಂದರೆ ಒಂದೇ ದಾರಿ ಹಿಡಿದು ಹೋಗುವ ದಂಡು, ಅಷ್ಟೇ. ಡೊಖ್ತುರೋವ್, ಲಾಂಜ್ರೋನ್, ಪ್ರಿಬಿಶೆವ್ಸ್ಕಿ ಎಂಬ ಮೂವರ ಕೈಗೆ ಎಡಗಡೆಯ ಮೂರು ಕಾಲಂಗಳು. ನಾಲ್ಕನೆಯದರಲ್ಲಿ ರಷ್ಯನ್ನರು, ಆಸ್ಟ್ರಿಯನ್ನರು ಇಬ್ಬರೂ. ಅದಕ್ಕೆ ಇಬ್ಬರು ಜನರಲ್‌ಗಳು. ಹೆಸರಿಗೆ ಇಡೀ ಸೈನ್ಯದ ದಂಡನಾಯಕ ರಷ್ಯಾದ ಕುಟುಜೋವ್. ಆದರೆ ರಷ್ಯಾದ 27 ವರ್ಷದ ಚಕ್ರವರ್ತಿ ಅಲೆಕ್ಸಾಂಡರ್ ಅಲ್ಲೇ ಇದ್ದ. ಯೋಜನೆ ಹಾಕಿದ್ದು ಆಸ್ಟ್ರಿಯಾದ ವೈರೋಟರ್.

ಹಿಂದಿನ ರಾತ್ರಿಯ ಸಭೆಯನ್ನೇ ನೋಡಿ. ವೈರೋಟರ್ ದೊಡ್ಡ ನಕ್ಷೆ ಹರಡಿಕೊಂಡು ಉದ್ದುದ್ದ ಯೋಜನೆಯನ್ನು ಜರ್ಮನ್ ಭಾಷೆಯಲ್ಲಿ ಓದಿದ. ಕುಟುಜೋವ್ ಕೂತಲ್ಲೇ ತೂಕಡಿಸುತ್ತಿದ್ದ. ಅಲ್ಲಿದ್ದ ಲಾಂಜ್ರೋನ್ ಇದನ್ನೆಲ್ಲ ಆಮೇಲೆ ಬರೆದಿಟ್ಟಿದ್ದಾನೆ. ಓದಿದ್ದು ಮುಗಿದ ಮೇಲೆ ಅದನ್ನು ರಷ್ಯನ್ ಭಾಷೆಗೆ ತರುವ ಕೆಲಸ ಶುರುವಾಯಿತು. ಬೆಳಗಾದರೆ ಕದನ!

ಬೆಳಗ್ಗೆ ಮಂಜು. ಆಸ್ಟ್ರಿಯಾದ ಸೇನಾನಿ ಲೀಖ್ಟೆನ್‌ಸ್ಟೈನ್‌ನ ಕುದುರೆ ದಳ ರಾತ್ರಿ ತಪ್ಪು ಜಾಗದಲ್ಲಿ ಬೀಡು ಬಿಟ್ಟಿತ್ತು. ಅದು ತನ್ನ ಜಾಗಕ್ಕೆ ಹೋಗಲು ಹೊರಟಾಗ ನಡೆಯುತ್ತಿದ್ದ ಕಾಲಾಳುಗಳಿಗೆ ಅಡ್ಡ ಬಂತು. ಸಾವಿರಾರು ಜನ ಸುಮ್ನೆ ನಿಂತು ಕುದುರೆಗಳು ದಾಟುವುದನ್ನು ಕಾಯಬೇಕಾಯಿತು. ಅತ್ತ ರಣರಂಗದ ನಡುವಿನ ಪ್ರಾಟ್ಸೆನ್ ಗುಡ್ಡದ ಮೇಲೆ ನಾಲ್ಕನೇ ಕಾಲಂ ಇನ್ನೂ ನಿಂತಿತ್ತು. ಕುಟುಜೋವ್‌ಗೆ ಗುಡ್ಡ ಬಿಡಲು ಮನಸ್ಸಿರಲಿಲ್ಲ. ಅಲೆಕ್ಸಾಂಡರ್ ಬಂದು, ಯಾಕೆ ಇನ್ನೂ ಹೊರಟಿಲ್ಲ ಎಂದು ಕೇಳಿದ. ದೊರೆಯ ಮಾತು ಮೀರಲಾದೀತೆ? ಹೊರಟರು.

ಕೆಳಗೆ ಮಂಜಿನ ಮರೆಯಲ್ಲಿ ಸೂಲ್ಟ್‌ನ 4ನೇ ಕೋರ್ ಕಾದಿತ್ತು. ಗುಡ್ಡ ಹತ್ತಲು ಎಷ್ಟು ಹೊತ್ತು ಬೇಕು ಎಂದು ನೆಪೋಲಿಯನ್ ಕೇಳಿದಾಗ, 20 ನಿಮಿಷವೂ ಬೇಡ ಎಂದನಂತೆ ಸೂಲ್ಟ್. ಒಂದು ಆಜ್ಞೆ, ಒಬ್ಬ ಮುಖ್ಯಸ್ಥ, ಎರಡು ಡಿವಿಷನ್ ಒಟ್ಟಿಗೇ ಮೇಲೆ ಹತ್ತಿದವು. ಎದುರಾಳಿ ಸೈನ್ಯ ನಡುವೆ ಸೀಳಿಹೋಯಿತು. ತಗ್ಗಿಗೆ ಇಳಿದಿದ್ದ ಮೂರು ಕಾಲಂಗಳಿಗೆ ಬೆನ್ನ ಹಿಂದೆಯೇ ಫ್ರೆಂಚರು. ಆ ಮೂರನ್ನೂ ಒಟ್ಟಾಗಿ ನಡೆಸಬೇಕಿದ್ದ ಬುಕ್ಸ್‌ಹೋವ್ಡೆನ್ ಮೊದಲನೇ ಕಾಲಂ ಜೊತೆಗೇ ಉಳಿದುಬಿಟ್ಟಿದ್ದ.

ಸಾಯಂಕಾಲದ ಹೊತ್ತಿಗೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಎದುರಾಳಿಗಳಿಗೆ ಸುಮಾರು 27,000 ಜನರ ನಷ್ಟ. ಫ್ರೆಂಚರಿಗೆ 9,000ದಷ್ಟು. ಸೋತವರು ಇದನ್ನು ಮರೆಯಲಿಲ್ಲ. 1806ರಲ್ಲಿ ರಷ್ಯಾ ಕಾಯಂ ಡಿವಿಷನ್‌ಗಳನ್ನು ಮಾಡಿಕೊಂಡಿತು. 1809ರಲ್ಲಿ ಆಸ್ಟ್ರಿಯಾ ಮತ್ತೆ ನೆಪೋಲಿಯನ್ ಮೇಲೆ ಯುದ್ಧಕ್ಕೆ ಹೋದಾಗ ಅದರ ಸೈನ್ಯವೂ ಕೋರ್‌ಗಳಾಗಿಯೇ ಹೊರಟಿತು.