ನಲವತ್ತು ಜನರ ಗ್ರೂಪಿನಲ್ಲಿ ಒಂದು ಸ್ಟಿಕ್ಕರ್

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಸ್ಕೂಲ್ ಡೇ ದಿನ ಅವಳು ಬಾಯಿ ತುಂಬ ಅನ್ನ ತುಂಬಿಕೊಂಡಿದ್ದಾಗ ಯಾರೋ ಫೋಟೊ ತೆಗೆದು, ಸ್ಟಿಕ್ಕರ್ ಮಾಡಿ, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಟ್ಟರು. ರಾತ್ರಿ ಹನ್ನೊಂದಾದರೂ ನಿಲ್ಲಲಿಲ್ಲ. ಯಾರು ಏನೇ ಕೇಳಲಿ, ಉತ್ತರಕ್ಕೆ ಅವಳ ಮುಖ. ಮರುದಿನ ಹೊಟ್ಟೆನೋವು ಅಂತ ಶಾಲೆಗೆ ಹೋಗಲಿಲ್ಲ. ಆಮೇಲೊಂದು ದಿನ ನನಗೆ ಫೋನ್ ತೋರಿಸಿದಳು. ಸ್ಟಿಕ್ಕರ್ ಹಾಕಿದವರು ನಾಲ್ಕೈದು ಮಂದಿ, ನಗುವ ಇಮೋಜಿ ಒತ್ತಿದವರು ಹತ್ತು ಹನ್ನೆರಡು. ಮಿಕ್ಕವರೆಲ್ಲ ನೋಡಿ ಸುಮ್ಮನಿದ್ದರು. "ಇವರು ಸುಮ್ನಿದ್ದಿದ್ದೇ ಜಾಸ್ತಿ ನೋವಾಯ್ತು ಚಿಕ್ಕಮ್ಮ" ಅಂದಳು.

ಅವಳ ನೋವು ನಿಜವಾದದ್ದು. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎಂಆರ್‌ಐ ಯಂತ್ರದೊಳಗೆ ಮಲಗಿದವರು ಪರದೆಯ ಮೇಲೆ ಇನ್ನಿಬ್ಬರ ಜೊತೆ ಚೆಂಡಾಟ ಆಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಆ ಇಬ್ಬರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಳ್ಳತೊಡಗುತ್ತಾರೆ, ಇವರಿಗೆ ಬರುವುದೇ ಇಲ್ಲ. ಅಸಲಿಗೆ ಅತ್ತ ಕಡೆ ಇದ್ದದ್ದು ಮನುಷ್ಯರಲ್ಲ, ಬರೀ ಕಂಪ್ಯೂಟರ್. ಆದರೂ ಮೈಗೆ ಪೆಟ್ಟಾದಾಗ ಸಂಕಟಪಡುವ ಮಿದುಳಿನ ಭಾಗವೊಂದು ಅಲ್ಲಿ ಚುರುಕಾಯಿತು. ಗೊತ್ತುಪರಿಚಯ ಇಲ್ಲದವರು ಚೆಂಡು ಕೊಡದಿದ್ದರೇ ಹೀಗಾದರೆ, ದಿನಾ ಒಂದೇ ಬೆಂಚಿನಲ್ಲಿ ಕೂರುವವರು ಕೈಬಿಟ್ಟರೆ?

ಹದಿಹರೆಯದಲ್ಲಿ ಓರಗೆಯವರ ಮೆಚ್ಚುಗೆಯೇ ಉಸಿರು. ದುಡುಕಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಮಾಗುತ್ತಲೇ ಇರುತ್ತದೆ. ಅದರ ಮೇಲೆ, ಫೋನಿನಲ್ಲಿ ಎದುರಿನವರ ಕಣ್ಣು ತುಂಬಿದ್ದು ಕಾಣುವುದಿಲ್ಲ. "ತಮಾಷೆಗೆ ಮಾಡಿದ್ವಿ" ಅನ್ನುವ ಹುಡುಗರು ಬಹಳಷ್ಟು ಸಲ ಸುಳ್ಳು ಹೇಳುತ್ತಿರುವುದಿಲ್ಲ ಎಂದೇ ನನಗನಿಸುತ್ತದೆ.

ಹಾಗಾದರೆ ಯಾರಿಗೆ ಕಲಿಸಬೇಕು? ಕಾಡುವವರನ್ನು ಶಿಕ್ಷಿಸಿ, ಕಾಡಿಸಿಕೊಂಡವರಿಗೆ ಧೈರ್ಯ ಹೇಳುವುದು ನಮ್ಮ ರೂಢಿ. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲ್ಲಿ ನೋಡಿದ್ದು ಸುತ್ತ ನಿಂತವರನ್ನು. 1996ರಲ್ಲಿ, 12–13 ವಯಸ್ಸಿನ 573 ಮಕ್ಕಳನ್ನು ಅಧ್ಯಯನ ಮಾಡಿ, ಕಾಡುವವರ ಜೊತೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಕಾಪಾಡಲು ಬರುವವರು ಎಂದು ಬೇರೆಬೇರೆ ಪಾತ್ರಗಳನ್ನು ಗುರುತಿಸಿದರು. ಇದೇ ತಿಳಿವಳಿಕೆಯ ಮೇಲೆ ಅಲ್ಲಿನ ಟುರ್ಕು ವಿಶ್ವವಿದ್ಯಾಲಯದಲ್ಲಿ 'ಕಿವಾ' ಎಂಬ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಅಳವಡಿಸಿಕೊಂಡ ಶಾಲೆಗಳಲ್ಲಿ ಕಿರುಕುಳ ಕಡಿಮೆಯಾಯಿತು. ನಗುವವರಿಲ್ಲದ ಕಡೆ ಕಾಡುವುದರಲ್ಲಿ ರುಚಿ ಉಳಿಯುವುದಿಲ್ಲ.

ಸುಮ್ಮನಿದ್ದ ಆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೆಟ್ಟವರಲ್ಲ. ಹೊಟ್ಟೆಯೊಳಗೆ ಏನೋ ಕಸಿವಿಸಿ ಆಗಿರುತ್ತದೆ, ಅದಕ್ಕೆ ಹೆಸರಿಡಲು ಬಂದಿರುವುದಿಲ್ಲ. ಹೆಸರಿಡುವುದು ಸಣ್ಣ ವಿಷಯವೇನಲ್ಲ. ಸಿಟ್ಟು, ಭಯ ತುಂಬಿದ ಮುಖಗಳನ್ನು ನೋಡಿ ಆ ಭಾವನೆಯನ್ನು ಮಾತಿನಲ್ಲಿ ಗುರುತಿಸಿದಾಗ ಭಯದಂಥ ಭಾವನೆಗಳಿಗೆ ಮಿಡಿಯುವ ಮಿದುಳಿನ ಭಾಗವಾದ ಅಮಿಗ್ಡಲಾದ ಉದ್ವೇಗ ತಗ್ಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿತು. "ನನಗೆ ಭಯ ಆಗ್ತಿದೆ, ನಾಳೆ ನನ್ನ ಸ್ಟಿಕ್ಕರ್ ಬರಬಹುದು" ಎಂದು ತನಗೆ ತಾನೇ ಹೇಳಿಕೊಂಡ ಮಗುವಿಗೆ ಮುಂದಿನ ಹೆಜ್ಜೆ ಯೋಚಿಸಲು ಜಾಗ ಸಿಗುತ್ತದೆ. ಗ್ರೂಪಿನಲ್ಲಿ ಎದುರು ನಿಲ್ಲಲು ಎಲ್ಲರಿಗೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಫಾರ್ವರ್ಡ್ ಮಾಡದಿರುವುದು, ನೊಂದವರಿಗೆ ಬೇರೆಯಾಗಿ ಒಂದು ಮೆಸೇಜು, ಸ್ಕ್ರೀನ್‌ಶಾಟ್ ಸಮೇತ ನಂಬಿಕೆಯ ಟೀಚರ್ ಹತ್ತಿರ ಹೋಗುವುದು: ಇಷ್ಟನ್ನು ತರಗತಿಯಲ್ಲಿ ಅಭಿನಯ ಮಾಡಿಸಿಯೇ ಕಲಿಸಬಹುದು. ಕೈಮೀರಿದರೆ ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416 ಇದೆ.

ಅವಳಿಗೂ ಒಂದು ಮೆಸೇಜು ಬಂದಿತ್ತು, ರಾತ್ರಿ 11.40ಕ್ಕೆ, ಅಷ್ಟೇನೂ ಸ್ನೇಹವಿಲ್ಲದ ಹುಡುಗಿಯಿಂದ: "ನಂಗೆ ಇದು ಇಷ್ಟ ಆಗ್ಲಿಲ್ಲ ಕಣೆ. ನಾಳೆ ಬಸ್ಸಲ್ಲಿ ನನ್ ಪಕ್ಕ ಕೂತ್ಕೋ." ಮೂರನೆಯ ದಿನ ಅವಳು ಶಾಲೆಗೆ ಹೊರಟಿದ್ದು ಆ ಸೀಟಿಗಾಗಿ.