ಕಿಣ್ವ ಪ್ರತಿಬಂಧಕ: ಎಲ್ಲಿ ಕೂರುತ್ತದೆ, ಎಷ್ಟು ಹೊತ್ತು ಕೂರುತ್ತದೆ

ಕಿಣ್ವವೆಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನ್. ಅದರ ಕೆಲಸವನ್ನು ನಿಧಾನಗೊಳಿಸುವ ಅಥವಾ ಪೂರ್ತಿ ನಿಲ್ಲಿಸುವ ವಸ್ತುವೇ ಕಿಣ್ವ ಪ್ರತಿಬಂಧಕ, ಅಂದರೆ ಎನ್‌ಜೈಮ್ ಇನ್‌ಹಿಬಿಟರ್. ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಹೊಲಕ್ಕೆ ಹೊಡೆಯುವ ಕ್ಲೋರೋಪೈರಿಫಾಸ್ ಮೂರೂ ಈ ಗುಂಪಿನವೇ. ಯಾವುದು ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಎರಡು ಪ್ರಶ್ನೆ ಕೇಳಬೇಕು: ಅದು ಕಿಣ್ವದ ಯಾವ ಜಾಗದಲ್ಲಿ ಕೂರುತ್ತದೆ, ಎಷ್ಟು ಹೊತ್ತು ಕೂರುತ್ತದೆ.

ಮೊದಲು ಕಿಣ್ವದ ಕೆಲಸ ನೋಡೋಣ. ನರದ ತುದಿಯಿಂದ ಹೊರಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವಿಗೆ ‘ಸಂಕುಚಿಸು’ ಎಂಬ ಸೂಚನೆ ಮುಟ್ಟಿಸುತ್ತದೆ. ಸೂಚನೆ ಮುಟ್ಟಿದೊಡನೆ ಅದನ್ನು ಅಳಿಸಬೇಕು, ಇಲ್ಲದಿದ್ದರೆ ಸ್ನಾಯು ಬಿಡುವೇ ಇಲ್ಲದೆ ಪ್ರಚೋದನೆಗೆ ಒಳಗಾಗುತ್ತದೆ. ಅಳಿಸುವ ಹೊಣೆ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ್ದು. ಇದರ ಸಕ್ರಿಯ ತಾಣ, ಅಂದರೆ ಕ್ರಿಯೆ ನಡೆಯುವ ಜಾಗ, ಸುಮಾರು 20 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಆಳದ ಕಿರಿದಾದ ಕೊರಕಲಿನ ತಳದಲ್ಲಿದೆ. ಅಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲ ಅಸಿಟೈಲ್‌ಕೋಲಿನನ್ನು ತುಂಡರಿಸುತ್ತದೆ. ಕೋಲಿನ್ ಹೊರಟುಹೋಗುತ್ತದೆ, ಅಸಿಟೈಲ್ ತುಣುಕು ಸೆರೀನ್‌ಗೆ ಅಂಟಿಕೊಂಡು ಉಳಿಯುತ್ತದೆ. ಕೂಡಲೇ ನೀರಿನ ಅಣುವೊಂದು ಬಂದು ಅದನ್ನೂ ಕಳಚುತ್ತದೆ. ಕಿಣ್ವ ಮೊದಲಿನಂತೆ ಸಿದ್ಧ. ಒಂದೊಂದು ಕಿಣ್ವದ ಅಣುವೂ ಸೆಕೆಂಡಿಗೆ ಸಾವಿರಾರು ಬಾರಿ ಇದನ್ನು ಮಾಡಬಲ್ಲದು.

ಇನ್ನು ಪ್ರತಿಬಂಧಕಗಳು. ಸ್ಪರ್ಧಾತ್ಮಕ ಪ್ರತಿಬಂಧಕವು ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವವನಂತೆ ಸಕ್ರಿಯ ತಾಣವನ್ನೇ ಹಿಡಿಯುತ್ತದೆ. ಆದರೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ, ಬಿಟ್ಟು ಬಿಟ್ಟು ಕೂರುತ್ತದೆ. ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಕೆಲಸ ಮಾಡುವ ವಸ್ತು, ಹೆಚ್ಚಿಸಿದರೆ ಪ್ರತಿಬಂಧಕ ಜಾಗ ಬಿಡಬೇಕಾಗುತ್ತದೆ. ಆದ್ದರಿಂದ ಗರಿಷ್ಠ ವೇಗ ಬದಲಾಗದು, ಅದರ ಅರ್ಧ ತಲುಪಲು ಬೇಕಾದ ಸಬ್‌ಸ್ಟ್ರೇಟಿನ ಪ್ರಮಾಣ ಮಾತ್ರ ಏರುತ್ತದೆ. 1913ರಲ್ಲಿ ಮೈಕೆಲಿಸ್ ಮತ್ತು ಮೆಂಟನ್ ಕೊಟ್ಟ ಸಮೀಕರಣದಲ್ಲಿ ಕೆಎಂ ಎನ್ನುವುದು ಈ ಪ್ರಮಾಣವನ್ನೇ. ಅಸ್ಪರ್ಧಾತ್ಮಕ ಪ್ರತಿಬಂಧಕ ಬೇರೆ ಜಾಗದಲ್ಲಿ ಕೂತು ಕಿಣ್ವದ ಚಟುವಟಿಕೆ ಕೆಡಿಸುತ್ತದೆ. ಅಲ್ಲಿ ಎಷ್ಟೇ ಸಬ್‌ಸ್ಟ್ರೇಟ್ ಸುರಿದರೂ ಹಳೆಯ ಗರಿಷ್ಠ ವೇಗ ಮರಳದು.

ಸ್ಪರ್ಧೆ ಜೀವ ಉಳಿಸುವುದೂ ಉಂಟು. ಕಳ್ಳಭಟ್ಟಿಯಲ್ಲಿ ಬೆರೆತ ಮೆಥನಾಲ್‌ಗಿಂತ, ಅದರಿಂದ ದೇಹದಲ್ಲಿ ಹುಟ್ಟುವ ಫಾರ್ಮಿಕ್ ಆಮ್ಲ ಹೆಚ್ಚು ಘಾತಕ. ಕಣ್ಣಿನ ನರವನ್ನು ಕೆಡಿಸುವುದು ಅದೇ. ಫೋಮೆಪಿಜೋಲ್ ಕೊಟ್ಟರೆ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವದ ಸಕ್ರಿಯ ತಾಣ ಮುಚ್ಚಿ, ಮೆಥನಾಲ್ ಮುಂದಿನ ಹಂತಕ್ಕೆ ಹೋಗದು. ಅದು ಸಿಗದ ಕಡೆ ಆಸ್ಪತ್ರೆಯಲ್ಲಿ ಎಥನಾಲನ್ನೇ ಅಳತೆ ಮಾಡಿ ಕೊಡುವುದುಂಟು. ಆಗಲೇ ಫಾರ್ಮಿಕ್ ಆಮ್ಲ ತುಂಬಿಕೊಂಡಿದ್ದರೆ ಈ ತಡೆಯೊಂದೇ ಸಾಲದು, ಡಯಾಲಿಸಿಸ್ ಬೇಕು.

ಕೀಟನಾಶಕದ ಕತೆಯೇ ಬೇರೆ. ಕ್ಲೋರೋಪೈರಿಫಾಸ್ ಸೇರಿದ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಅಸಿಟೈಲ್‌ಕೋಲಿನ್‌ಎಸ್ಟರೇಸಿನ ಅದೇ ಸೆರೀನ್‌ಗೆ ಫಾಸ್ಫೇಟ್ ಗುಂಪನ್ನು ಬೆಸೆಯುತ್ತವೆ. ನೀರಿಗೆ ಅದನ್ನು ಕೀಳಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಅಷ್ಟರಲ್ಲಿ ಕಣ್ಣಿನ ಪಾಪೆ ಕಿರಿದಾಗುತ್ತದೆ, ಜೊಲ್ಲು, ಬೆವರು, ಕಫ ಉಕ್ಕುತ್ತವೆ, ಸ್ನಾಯು ಅದುರುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕ್ಲೋರೋಪೈರಿಫಾಸ್ ಯಕೃತ್ತಿನಲ್ಲಿ ‘ಆಕ್ಸಾನ್’ ಎಂಬ ರೂಪಕ್ಕೆ ಮಾರ್ಪಟ್ಟ ಮೇಲಷ್ಟೇ ಪ್ರಬಲವಾಗುವುದರಿಂದ ಲಕ್ಷಣಗಳು ತಡವಾಗಿ ಬರಬಹುದು. ‘ಚೆನ್ನಾಗೇ ಇದ್ದಾನಲ್ಲ’ ಎಂದು ಮನೆಯಲ್ಲೇ ಉಳಿಸಿಕೊಳ್ಳುವುದು ಇಲ್ಲಿ ತೀರಾ ಅಪಾಯಕಾರಿ.

ಈ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧ ಅಟ್ರೋಪಿನ್ ಕಿಣ್ವವನ್ನು ಮುಟ್ಟುವುದೇ ಇಲ್ಲ. ಅದು ಗ್ರಂಥಿ, ಹೃದಯ, ಶ್ವಾಸನಾಳಗಳಲ್ಲಿ ಅಸಿಟೈಲ್‌ಕೋಲಿನ್‌ನ ಸೂಚನೆ ತಲುಪದಂತೆ ತಡೆಯುತ್ತದೆ. ವಯಸ್ಕರಿಗೆ 1ರಿಂದ 3 ಮಿಲಿಗ್ರಾಂನಿಂದ ಶುರುಮಾಡಿ, ಎದೆಯ ಕಫ ಒಣಗುವವರೆಗೆ ಸುಮಾರು 5 ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾರೆ. ಉಸಿರಾಟದ ಸ್ನಾಯುಗಳ ಮೇಲೆ ಅದರ ಆಟ ನಡೆಯದ ಕಾರಣ ವೆಂಟಿಲೇಟರ್ ಬೇಕಾಗಬಹುದು.

ಫಾಸ್ಫೇಟನ್ನು ಕಿತ್ತು ಕಿಣ್ವವನ್ನು ಬಿಡಿಸಬಲ್ಲದ್ದು ಪ್ರಾಲಿಡಾಕ್ಸಿಮ್, ವಾರ್ಡಿನ ಮಾತಿನಲ್ಲಿ ‘ಪ್ಯಾಮ್’. ಅದಕ್ಕೊಂದು ಗಡುವಿದೆ. ಬೆಸೆದ ಫಾಸ್ಫೇಟ್ ತನ್ನ ಒಂದು ಆಲ್ಕೈಲ್ (ಇಂಗಾಲ-ಹೈಡ್ರೋಜನ್) ಗುಂಪನ್ನು ಕಳೆದುಕೊಂಡರೆ ಪ್ಯಾಮ್‌ಗೂ ಜಗ್ಗದು; ಇದಕ್ಕೆ ‘ಏಜಿಂಗ್’ ಎನ್ನುತ್ತಾರೆ. ಮಾನೋಕ್ರೋಟೋಫಾಸ್‌ನಂಥ ಡೈಮಿಥೈಲ್ ಜಾತಿಯಲ್ಲಿ ಸುಮಾರು 3.7 ಗಂಟೆಗೆ, ಕ್ಲೋರೋಪೈರಿಫಾಸ್‌ನಂಥ ಡೈಈಥೈಲ್ ಜಾತಿಯಲ್ಲಿ ಸುಮಾರು 33 ಗಂಟೆಗೆ ಅರ್ಧದಷ್ಟು ಕಿಣ್ವ ಹೀಗಾಗುತ್ತದೆ. ಆದ್ದರಿಂದ ಡಬ್ಬವನ್ನೋ ಲೇಬಲ್ಲನ್ನೋ ಆಸ್ಪತ್ರೆಗೆ ಒಯ್ಯುವುದು ನಿಜಕ್ಕೂ ಉಪಯೋಗದ ಕೆಲಸ. ಹಾಗೆಂದು ಪ್ಯಾಮ್ ರಾಮಬಾಣವೇನಲ್ಲ, ರೋಗಿಗಳ ಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ.

ಮೆಥೊಮಿಲ್, ಕಾರ್ಬರಿಲ್‌ನಂಥ ಕಾರ್ಬಮೇಟ್ ಕೀಟನಾಶಕಗಳೂ ಅದೇ ಸೆರೀನ್‌ಗೇ ಅಂಟುತ್ತವೆ, ಆದರೆ ಸಾಮಾನ್ಯವಾಗಿ ಒಂದು ದಿನದೊಳಗೆ ತಾವಾಗಿಯೇ ಕಳಚಿಕೊಳ್ಳುತ್ತವೆ. ನಿಯೋಸ್ಟಿಗ್ಮಿನ್ ಔಷಧವೂ ಇದೇ ರಾಸಾಯನಿಕ ಕುಟುಂಬದ್ದು. ನಾಗರಹಾವು ಕಚ್ಚಿ ರೆಪ್ಪೆ ಜೋತವರಿಗೆ ಪ್ರತಿವಿಷದ ಜೊತೆ ಅಟ್ರೋಪಿನ್ ಸೇರಿಸಿ ಕೊಡುವುದು ಇದನ್ನೇ.

ಪದೇ ಪದೇ ಹೊಲಕ್ಕೆ ಕೀಟನಾಶಕ ಹೊಡೆಯುವವರಲ್ಲಿ ಕಿಣ್ವ ಕುಸಿದಿದೆಯೇ ಎಂದು ರಕ್ತದ ಕೋಲಿನ್‌ಎಸ್ಟರೇಸ್ ಪರೀಕ್ಷೆ ಹೇಳುತ್ತದೆ. ಆದರೆ ಸಹಜ ಮಟ್ಟ ಒಬ್ಬರಿಂದೊಬ್ಬರಿಗೆ ಬಹಳ ಬೇರೆ. ಪ್ಲಾಸ್ಮಾದ ಮಟ್ಟ ಯಕೃತ್ತಿನ ಕಾಯಿಲೆಯಲ್ಲೂ ಗರ್ಭಾವಸ್ಥೆಯಲ್ಲೂ ಇಳಿಯುತ್ತದೆ. ಹೀಗಾಗಿ ಸಿಂಪಡಣೆ ಶುರುವಾಗುವ ಮುಂಚೆಯೇ ಒಮ್ಮೆ ಮಾಡಿಸಿಟ್ಟ ಪರೀಕ್ಷೆ ಇಲ್ಲದಿದ್ದರೆ, ಆಮೇಲೆ ಬರುವ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕೆಂಬುದೇ ತಿಳಿಯದು. ಕ್ಯಾಲಿಫೋರ್ನಿಯಾದ ನಿಯಮ ಈ ಹೋಲಿಕೆಯ ಮೇಲೆಯೇ ನಿಂತಿದೆ: ಕೆಂಪು ರಕ್ತಕಣದ ಕಿಣ್ವ ಆ ವ್ಯಕ್ತಿಯ ಮೂಲಮಟ್ಟದ 70%ಕ್ಕೆ ಇಳಿದರೆ ಸಿಂಪಡಣೆಯ ಕೆಲಸದಿಂದ ದೂರ ಇಡಬೇಕು.